ನೆಲ ಅಗೆಯದ ಜೋಕಾಲಿ

ಸಂತೇಬೆನ್ನೂರು
೨೨ ಜೂನ್ ೨೦೨೫

ಮಗಳು ಅಂಬಿಕಾಗೆ ನಿಮ್ಮಪ್ಪನ ಆಶೀರ್ವಾದ.

ಇಲ್ಲಿ ನಾವೆಲ್ಲ ಆರಾಮ ಅಂತ ಮೊದಲನೇ ಸಾಲು ಬರೀಬೇಕು. ನಿಮ್ಮವ್ವ ಆರಾಮ. ನಿಮ್ಮಜ್ಜಿ ಆರಾಮ. ನಾನು ಮಾತ್ರ ನಿನ್ನ ಕಾಗದ ಬಂದಾಗಿನಿಂದ ಆರಾಮಿಲ್ಲ. ಫೋನಿನಾಗೆ ಕೇಳೋಣ ಅಂದ್ರೆ, ಭಾನುವಾರ ಹಾಸ್ಟೆಲಿನಾಗೆ ಸಾಲು ನಿಂತು ನಿನಗೆ ಸಿಗೋ ಎರಡು ನಿಮಿಷ "ಹಲೋ, ಕೇಳ್ತೈತಾ" ಅನ್ನೋದ್ರಾಗೇ ಮುಗೀತೈತೆ. ಅದಕ್ಕೇ ಬರೀತಿದೀನಿ. ಅಕ್ಷರ ನೋಡಿ ನಗಬೇಡ.

ಗುರುವಾರ ಮಧ್ಯಾಹ್ನ ಪೂರ್ತಿ ಒಂದೇ ಪಾಠ, ಅದರ ಹೆಸರು ಕೂಡುಪಾಠ, ಗಣಿತದ ನಿಂಗರಾಜ್ ಸರ್, ವಿಜ್ಞಾನದ ಅರುಣಾ ಮೇಡಂ, ಕನ್ನಡದ ಸುಚಿತ್ರಾ ಮೇಡಂ ಮೂವರೂ ಒಟ್ಟಿಗೇ ಕ್ಲಾಸಿಗೆ ಬರ್ತಾರೆ ಅಂತ ಬರೆದೀಯ. ಒಂದು ಕ್ಲಾಸಿಗೆ ಮೂವರು ಯಾಕೆ? ಉಳಿದ ಕ್ಲಾಸಿಗೆ ಯಾರು ಹೋಗ್ತಾರೆ? ಮೇಲಿನೋರು ಬಂದು ನೋಡಿದ್ರೆ ಏನಂತಾರೆ? ಎರಡು ವರ್ಷ ಸರಿಯಾಗೇ ಓದಿಸಿದ್ರಲ್ಲ, ಎಂಟನೇ ಕ್ಲಾಸಿಗೆ ಬಂದ ಕೂಡಲೇ ಇದೇನು?

ನಾನು ಹೆಚ್ಚು ಓದಿದೋನಲ್ಲ, ನಿನಗೆ ಗೊತ್ತು. ಆರನೇ ಕ್ಲಾಸಿನಾಗೆ ಇದ್ದಾಗ ಮನೆಯೋರು ಕಬ್ಬು ಕಡಿಯಾಕೆ ಹೊನ್ನಾಳಿ ಕಡೆ ಹೋದ್ರು, ಶಾಲೆ ಬಿಟ್ಟೆ. ವಾಪಸ್ ಬಂದು ಸೇರಿದೆ, ಮತ್ತೆ ಬಿಟ್ಟೆ. ಆದ್ರೂ ಶಾಲೆ ಅಂದ್ರೆ ಹೆಂಗಿರಬೇಕು ಅಂತ ನೆನಪೈತೆ. ಗಂಟೆ ಹೊಡೆದ್ರೆ ಗಣಿತ. ಇನ್ನೊಂದು ಗಂಟೆ ಹೊಡೆದ್ರೆ ಕನ್ನಡ. ಗಣಿತದ ಪುಸ್ತಕ ಚೀಲದ ಒಳಗೆ, ಕನ್ನಡದ್ದು ಹೊರಗೆ. ಇಡೀ ಕ್ಲಾಸು ಒಟ್ಟಿಗೇ ಪುಸ್ತಕ ತೆಗೆಯೋ ಆ ಸಪ್ಪಳ ನನಗೆ ಈಗಲೂ ಇಷ್ಟ.

ಅದಕ್ಕಿಂತ ದೊಡ್ಡ ಚಿಂತೆ, ನಾಲ್ಕು ಮಕ್ಕಳಿಗೆ ಒಂದು ಗುಂಪು ಮಾಡಿ ನಾಲ್ವರಿಗೂ ಒಂದೇ ಅಂಕ ಕೊಡ್ತಾರೆ ಅಂದೀಯಲ್ಲ, ಅದು. ನಮ್ಮ ಬಂಡಿ ಹತ್ರ ಮಂಡಕ್ಕಿ ಮಿರ್ಚಿ ತಿನ್ನಾಕೆ ಬರೋ ಬೀರಲಿಂಗಪ್ಪ ಹೇಳಿದ, "ಪರಶುರಾಮ, ಇದು ನಾಲ್ಕು ಜನ ಕಬ್ಬಿಣದ ಬೀರು ಎತ್ತಿದಂಗೆ ಕಣಪ್ಪ. ಒಬ್ಬ ಕೈ ಬಿಟ್ರೆ ಉಳಿದ ಮೂವರ ಕಾಲ ಮೇಲೆ." ಅವತ್ತು ಮಿರ್ಚಿ ಒಂದು ಬಾಣಲೆ ಕಪ್ಪಾಯ್ತು. ನಿಮ್ಮವ್ವ "ಮಗಳು ಅಲ್ಲಿ ಓದ್ತಾ ಅವಳೆ, ಇಲ್ಲಿ ನೀನು ಹೊತ್ತಿಸ್ತಾ ಇದೀಯ" ಅಂತ ಬೈದಳು.

ಆ ಮೂವರು ಯಾರು? ಓದ್ತಾರಾ? ಬೇಗ ಬರಿ. ರಾತ್ರಿ ಸ್ವೆಟರ್ ಹಾಕ್ಕೋ.

ಇಂತಿ ನಿನ್ನ ಅಪ್ಪ,
ಪರಶುರಾಮ್


ಜಗಳೂರು
೩೦ ಜೂನ್ ೨೦೨೫

ಪ್ರೀತಿಯ ಅಪ್ಪ,

ನಿನ್ನ ಕಾಗದ ಪೂಜಾಗೆ ಓದಿ ಹೇಳಿದೆ, ಬೀರಲಿಂಗಪ್ಪ ಮಾಮನ ಬೀರು ಕೇಳಿ ಬಿದ್ದು ಬಿದ್ದು ನಕ್ಕಳು. ಪೂಜಾ ನನ್ನ ಗುಂಪಿನೋಳು, ಹೊನ್ನಾಳಿಯೋಳು. ವಿನೋದ್ ನ್ಯಾಮತಿಯೋನು. ತಿಪ್ಪೇರುದ್ರ ಇಲ್ಲೇ ಜಗಳೂರಿನೋನು. ನಾನು ಚನ್ನಗಿರಿ ತಾಲೂಕು. ನಿಂಗರಾಜ್ ಸರ್ ನಮ್ಮನ್ನ "ಏನ್ರೋ, ನಾಲ್ಕು ತಾಲೂಕು" ಅಂತಲೇ ಕರೀತಾರೆ.

ಓದ್ತಾರಾ ಅಂತ ಕೇಳೀಯ. ನಿಜ ಹೇಳ್ತೀನಿ. ಪೂಜಾಗೆ ಲೆಕ್ಕ ಬರಲ್ಲ, ಆದ್ರೆ ಹಾಡಿದ್ರೆ ಅಡುಗೆಮನೆಯೋರೂ ಹೊರಗೆ ಬರ್ತಾರೆ. ವಿನೋದ್‌ಗೆ ಎಲ್ಲಾ ಗೊತ್ತು, ಸುಮ್ಮನಿರಾಕೆ ಒಂದು ಗೊತ್ತಿಲ್ಲ. ತಿಪ್ಪೇರುದ್ರ ಮಾತೇ ಆಡಲ್ಲ. ನಾನು ನಿನ್ನ ಮಗಳು, ಎಲ್ಲದಕ್ಕೂ "ಆಗದೇ ಹೋದ್ರೆ?" ಅಂತ ಕೇಳ್ತೀನಂತೆ. ಅದು ಅವರು ಅನ್ನೋದು.

ಕೂಡುಪಾಠ ಯಾಕೆ ಶುರುವಾಯ್ತು ಕೇಳು. ಪಂಚಮಿಗೆ ಹೆಣ್ಣುಮಕ್ಕಳು ಮನೆಗೆ ಹೋಗಿ ಜೋಕಾಲಿ ಆಡಬೇಕು ಅಲ್ವಾ? ನಮಗೆ ರಜೆ ಇಲ್ಲ. ಹೋದ ವರ್ಷ ಸಣ್ಣ ಕ್ಲಾಸಿನ ಹುಡುಗೀರು ಅವತ್ತು ಊಟ ಬಿಟ್ಟು ಅತ್ತಿದ್ರು. ಈ ಸಲ ಮೂವರು ಟೀಚರೂ ಸೇರಿ ಹೇಳಿದ್ರು, "ಜೋಕಾಲಿ ಇಲ್ಲೇ ಕಟ್ಟೋಣ. ಆದ್ರೆ ಕಟ್ಟೋರು ನೀವು." ಹಗ್ಗ ಎಷ್ಟು ಉದ್ದ ಬೇಕು, ಅದು ನಿಂಗರಾಜ್ ಸರ್ ಪಾಠ. ಜೋಕಾಲಿ ಹೋಗಿದ್ದು ಯಾಕೆ ವಾಪಸ್ ಬರ್ತೈತೆ, ಅದು ಅರುಣಾ ಮೇಡಂ ಪಾಠ. ಪಂಚಮಿ ಹಾಡು ಕೂಡಿಸಿ ಬರೆಯೋದು ಸುಚಿತ್ರಾ ಮೇಡಂ ಪಾಠ. ಗುಂಪು ಗುಂಪಿಗೆ ಒಂದೊಂದು ಕೆಲಸ ಬಂತು. ಕಟ್ಟೋದು ನಮ್ಮ ನಾಲ್ವರ ಪಾಲಿಗೆ!

ಮೊನ್ನೆ ಒಂದು ಜಗಳ ಆಯ್ತು. ದಪ್ಪಗಿರೋರು ಕೂತ್ರೆ ಜೋಕಾಲಿ ನಿಧಾನ ಹೋಗ್ತೈತೆ ಅಂತ ವಿನೋದ್. ಇಲ್ಲ, ಭಾರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಅರುಣಾ ಮೇಡಂ. ಕಿಟಕಿ ಸರಳಿಗೆ ದಾರ ಕಟ್ಟಿ ಒಂದು ಸಲ ದೊಡ್ಡ ಕಲ್ಲು, ಒಂದು ಸಲ ಸಣ್ಣ ಕಲ್ಲು ತೂಗಿಸಿ ನೋಡಿದ್ವಿ. ಎರಡೂ ಒಂದೇ ಹೊತ್ತಿಗೆ ಹೋಗಿ ಬಂದ್ವು ಅಪ್ಪ! ವಿನೋದ್ ಒಪ್ಪಲಿಲ್ಲ. "ಕಲ್ಲು ಬೇರೆ, ಮನುಷ್ಯ ಬೇರೆ ಮೇಡಂ" ಅಂದ. ಮೇಡಂ, "ಸರಿ, ಮನುಷ್ಯನ್ನೇ ಕೂರಿಸಿ ನೋಡೋಣ" ಅಂದ್ರು.

ಸ್ವೆಟರ್ ಹಾಕ್ಕೊಂಡಿದೀನಿ. ಸೆಖೆ ಆಗ್ತೈತೆ.

ನಿನ್ನ ಮಗಳು,
ಅಂಬಿಕಾ


ಸಂತೇಬೆನ್ನೂರು
೮ ಜುಲೈ ೨೦೨೫

ಮಗಳೇ,

ನಿನ್ನ ಕಾಗದ ಓದಿ ನಿಮ್ಮವ್ವ ನಕ್ಕಳು, ಅಜ್ಜಿ ಕಣ್ಣು ಒರೆಸಿಕೊಂಡಳು, ನಾನು ಎರಡು ರಾತ್ರಿ ಮಲಗಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳು ಜೋಕಾಲಿ ಕಟ್ಟೋದಾ? ಹಗ್ಗ ಬಿಚ್ಚಿಕೊಂಡ್ರೆ? ಅದರ ಮೇಲೆ ಆರನೇ ಕ್ಲಾಸಿನ ಕೂಸು ಇದ್ರೆ? ಯಾರ ಹೆಸರು ಬರ್ತೈತೆ? ಕಟ್ಟಿದೋರ ಹೆಸರು. ಅದು ಒಂದು. ಇನ್ನೊಂದು, ಲೆಕ್ಕ ಬಾರದ ಹುಡುಗಿ, ಮಾತಾಡದ ಹುಡುಗ, ಸುಮ್ಮನಿರದ ಹುಡುಗ, ಇವರ ಜೊತೆ ನಿನ್ನ ಅಂಕ ಕಟ್ಟಿ ಹಾಕಿದ್ರೆ ಮುಂದೆ ಹತ್ತನೇ ಕ್ಲಾಸಿನಾಗೆ ಏನು ಬರೀತೀಯ? ಪರೀಕ್ಷೆನಾಗೆ ಜೋಕಾಲಿ ಕೇಳ್ತಾರಾ?

ನಾನು ಒಂದು ತೀರ್ಮಾನಕ್ಕೆ ಬಂದಿದೀನಿ. ಇಲ್ಲಿ ನಮ್ಮೂರಿನ ಹೈಸ್ಕೂಲಿನಾಗೆ ವಿಚಾರಿಸಿದೆ. ಟಿ.ಸಿ. ತಂದ್ರೆ ಎಂಟಕ್ಕೆ ಸೇರಿಸ್ಕೋತಾರಂತೆ. ಅಲ್ಲಿ ಗಂಟೆ ಹೊಡೀತಾರೆ, ಒಬ್ಬ ಮೇಷ್ಟ್ರು ಬರ್ತಾರೆ, ಅವರು ಹೋದ ಮೇಲೆ ಇನ್ನೊಬ್ಬರು ಬರ್ತಾರೆ. ನಾನೇ ಹೊರಗೆ ನಿಂತು ನೋಡಿದೆ.

ಪಂಚಮಿ ದಿನ ಬಾಣಲೆ ಇಡಂಗಿಲ್ಲ, ಬಂಡಿ ಹೆಂಗೂ ಬಂದ್. ಅವತ್ತು ಬೆಳಿಗ್ಗೆ ಬಸ್ಸಿಗೆ ಹೊರಟು ನಿನ್ನ ಕರಕೊಂಡು ಬರಾಕೆ ಬರ್ತೀನಿ. ಹೆಣ್ಣುಮಗಳನ್ನ ಪಂಚಮಿಗೆ ಮನೆಗೆ ಕರಕೊಂಡು ಬಂದಂಗೂ ಆಯ್ತು. ಬಟ್ಟೆ, ಪುಸ್ತಕ ಎಲ್ಲಾ ಪೆಟ್ಟಿಗೆಗೆ ತುಂಬಿಕೊಂಡಿರು.

ನಿಮ್ಮವ್ವ "ಮಗಳನ್ನ ಒಂದು ಮಾತು ಕೇಳಿದೀಯಾ" ಅಂತ ಕೇಳಿದಳು. ಕೇಳ್ತಾ ಇದೀನಿ ಅಂತ ತಿಳ್ಕೋ. ಆದ್ರೆ ಪೆಟ್ಟಿಗೆ ತುಂಬಿಕೊಂಡಿರು.

ನಿನ್ನ ಒಳ್ಳೇದಕ್ಕೇ ಹೇಳೋ,
ಅಪ್ಪ


ಜಗಳೂರು
೧೪ ಜುಲೈ ೨೦೨೫

ಅಪ್ಪ,

ನಾನು ಬರಲ್ಲ ಅಂತ ಮೊದಲು ಬರೆದೆ. ಹರಿದು ಹಾಕಿದೆ. ನೀನು ಬಾ ಅಂದ್ರೆ ಬರಬೇಕು.

ಆದ್ರೆ ಬೆಳಿಗ್ಗೆ ಬರಬೇಡ. ಮಧ್ಯಾಹ್ನ ಬಾ. ಅಷ್ಟೊತ್ತಿಗೆ ಜೋಕಾಲಿ ಎದ್ದಿರ್ತೈತೆ. ನಾನಿಲ್ಲದೆ ಕಟ್ಟಿದ್ರೆ ಅವರು ಮೂವರೇ ಆಗ್ತಾರೆ. ಈಗ ನಾವು ನಾಲ್ವರೂ ಒಬ್ಬೊಬ್ಬರು ಒಂದೊಂದು ಕೆಲಸ ಹಂಚಿಕೊಂಡಿದೀವಿ. ಯಾವತ್ತು ಏನು ಮಾಡಬೇಕು ಅನ್ನೋದು ವಿನೋದ್‌ದು, ಹಗ್ಗದ ಲೆಕ್ಕ ನನ್ನದು, ಬಿದಿರಿನ ಗಳ ತಂದು ನಿಲ್ಲಿಸೋದು ತಿಪ್ಪೇರುದ್ರ, ಹಾಡು ಪೂಜಾ. ಪೂಜಾಗೆ ನಾನು ದಿನಾ ಊಟ ಆದ ಮೇಲೆ ಲೆಕ್ಕ ಹೇಳಿಕೊಡ್ತೀನಿ. ಹೇಳಿಕೊಡೋವಾಗ ನನಗೇ ಗೊತ್ತಿಲ್ಲದ್ದು ಎಷ್ಟು ಐತೆ ಅಂತ ಗೊತ್ತಾಗ್ತೈತೆ. ಇದನ್ನ ನಿನಗೆ ಹೇಳಬೇಕು ಅನಿಸ್ತು.

ಅಜ್ಜಿ ಹಾಡೋ ಪಂಚಮಿ ಹಾಡು ಬರೆದು ಕಳಿಸ್ತೀಯಾ? ಮೂರು ತಾಲೂಕಿನ ಹಾಡು ಸಿಕ್ಕೈತೆ, ಮೂರೂ ಮೂರು ತರ. ಚನ್ನಗಿರಿದು ಮಾತ್ರ ಇಲ್ಲ.

ಪೆಟ್ಟಿಗೆ ತುಂಬ್ತೀನಿ.

ಅಂಬಿಕಾ


ಸಂತೇಬೆನ್ನೂರು
೨೦ ಜುಲೈ ೨೦೨೫

ಮಗಳೇ,

ಅಜ್ಜಿ ಹಾಡು ಇನ್ನೊಂದು ಹಾಳೆನಾಗೆ ಬರೆದು ಇಟ್ಟಿದೀನಿ. ಹಾಡು ಕಳಿಸಿದೆ ಅಂದ್ರೆ ನಾನು ಒಪ್ಪಿದೆ ಅಂತಲ್ಲ.

ಬರೆಯೋದ್ರಾಗೆ ಸಾಕಾಗಿ ಹೋಯ್ತು. ನಿಮ್ಮಜ್ಜಿಗೆ ಹಾಡನ್ನ ಹೇಳಾಕೆ ಬರಲ್ಲ, ಹಾಡಾಕೆ ಮಾತ್ರ ಬರ್ತೈತೆ. "ನಿಧಾನ ಹೇಳವ್ವ, ಬರ್ಕೋತೀನಿ" ಅಂದ್ರೆ ಸಾಲು ಮರೆತು ಹೋಗ್ತೈತೆ. ಹಾಡಿದ್ರೆ ನನ್ನ ಕೈ ಹಿಂದೆ ಬೀಳ್ತೈತೆ. ಕೊನೆಗೆ ಹಾಡ್ತಾನೇ ಇರು ಅಂದೆ, ಸುತ್ತಿ ಸುತ್ತಿ ಬಂದಾಗ ಬಿಟ್ಟ ಸಾಲು ಹಿಡಿದೆ. ಪಕ್ಕದ ಮನೆಯೋರು ಏನು ಹಬ್ಬ ಇವತ್ತೇ ಬಂತಾ ಅಂತ ಕೇಳಿದ್ರು. ನಿಮ್ಮವ್ವನೂ ಕೂತು ಹಾಡಿದಳು. ನಮ್ಮ ಮದುವೆ ಆಗಿ ಇಷ್ಟು ವರ್ಷ ಆದ್ರೂ ಅವಳ ದನಿ ಇಷ್ಟು ಚೆಂದ ಐತೆ ಅಂತ ಗೊತ್ತಿರಲಿಲ್ಲ.

ತಪ್ಪು ಇದ್ರೆ ಸುಚಿತ್ರಾ ಮೇಡಂಗೆ ತೋರಿಸೋಕಿಂತ ಮೊದಲು ನೀನೇ ತಿದ್ದು. ಮರ್ಯಾದೆ ಪ್ರಶ್ನೆ.

ಮಧ್ಯಾಹ್ನ ಬರ್ತೀನಿ. ಹಗ್ಗ ಹಳೇದಾ ಹೊಸದಾ? ಹೊಸದು ತರಿಸ್ರಿ ಅನ್ನು.

ಅಪ್ಪ


ಜಗಳೂರು
೩೧ ಜುಲೈ ೨೦೨೫

ಅವ್ವಾ,

ಈ ಕಾಗದ ನಿನಗೆ. ಅಪ್ಪಂಗೆ ಓದಿ ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು. ಅಪ್ಪ ಮನೆಗೆ ಬಂದು ಏನು ಹೇಳಿದ? ನನಗೆ ಏನೂ ಹೇಳದೆ ಹೋದ.

ಪಂಚಮಿ ಬೆಳಿಗ್ಗೆಯಿಂದ ಹೇಳ್ತೀನಿ. ವಿನೋದ್ ಬರೆದ ಪಟ್ಟಿ ಪ್ರಕಾರ ಬೆಳಿಗ್ಗೆ ಗುಂಡಿ ತೆಗೆದು ಗಳ ನಿಲ್ಲಿಸಬೇಕು, ಮಧ್ಯಾಹ್ನ ಜೋಕಾಲಿ ಕಟ್ಟಬೇಕು. ನಾವು ಹಾರೆ, ಗುದ್ದಲಿ ಹಿಡಕೊಂಡು ಮೈದಾನಕ್ಕೆ ಹೋದ್ವಿ. ತಿಪ್ಪೇರುದ್ರ ಹಾರೆ ಎತ್ತಿದ್ದ ಅಷ್ಟೆ, ಅಡುಗೆಮನೆ ಬಾಗಿಲಾಗೆ ನಮ್ಮ ಅಡುಗೆಯ ಅಜ್ಜಮ್ಮ ಕೂಗಿದಳು. "ಲೇ ಲೇ ಲೇ! ಪಂಚಮಿ ದಿನ ನೆಲಕ್ಕೆ ಹಾರೆ ಹಾಕ್ತೀರೇನ್ರೋ? ನಿಮ್ಮ ಮನೆಯಾಗೆ ಹೇಳಿಲ್ವೇನ್ರೋ?"

ತಿಪ್ಪೇರುದ್ರ ಹಾರೆ ಕೆಳಗಿಟ್ಟ ಅವ್ವ. ಹೇಳಿಲ್ಲ ಅಂದ್ರೆ ಹೆಂಗೆ? ನಾಗರಹಾವಿಗೆ ಪೆಟ್ಟಾಗ್ತೈತೆ ಅಂತ ನಾಲ್ಕು ಮನೆಯಾಗೂ ಅವತ್ತು ನೆಲ ಅಗೆಯಲ್ಲ. ನಾಲ್ವರಿಗೂ ಗೊತ್ತು! ಆದ್ರೆ ಪಟ್ಟಿ ವಿನೋದ್‌ದು ಅಂತ ನಾವು ನೋಡಲಿಲ್ಲ, ಗುಂಡಿ ತಿಪ್ಪೇರುದ್ರಂದು ಅಂತ ವಿನೋದ್ ಯೋಚನೆ ಮಾಡಲಿಲ್ಲ. ಪೂಜಾ ಅಂತೂ ತಿಂಗಳಿಂದ ಪಂಚಮಿ ಹಾಡೇ ಬರೀತಾ ಇದ್ದಳು. ಕೂಡಿ ಮಾಡ್ತಿದೀವಿ ಅಂದುಕೊಂಡಿದ್ವಿ, ಮಾಡಿದ್ದು ಹಂಚಿಕೊಂಡು. ಟೀಚರ್‌ಗಳು ಮೂವರೂ ಒಬ್ಬರ ಮುಖ ಒಬ್ಬರು ನೋಡಿದ್ರು. ನಿಂಗರಾಜ್ ಸರ್ ಅರುಣಾ ಮೇಡಂಗೆ "ನೀವು ನೋಡಿರ್ತೀರಿ ಅಂದುಕೊಂಡೆ" ಅಂದ್ರು. ಮೇಡಂ ಸುಚಿತ್ರಾ ಮೇಡಂ ಕಡೆ ನೋಡಿದ್ರು. ಅವರು ನಕ್ಕುಬಿಟ್ರು. "ನಾವೂ ಹಂಚಿಕೊಂಡೇ ಮಾಡಿದೀವಿ ಸರ್" ಅಂದ್ರು.

ವಿನೋದ್ ಅಳು ಬಂದಂಗೆ ಆಗಿದ್ದ. ಸಣ್ಣ ಹುಡುಗೀರು ಹೊಸ ಬಟ್ಟೆ ಹಾಕ್ಕೊಂಡು ಸಾಲಾಗಿ ಕೂತಿದ್ರು. ಆಗ ನಾನು ಕೇಳಿದೆ, ನೆಲದೊಳಗೆ ಹೋಗದೆ ಗಳ ನಿಲ್ಲಬೇಕು ಅಂದ್ರೆ ಏನು ಬೇಕು? ಪೂಜಾ ತಟ್ಟನೆ ಅಂದಳು, "ಮೂಲೆ ಮೂರು ಇರಬೇಕು." ನಾನು ಅವಳಿಗೆ ಲೆಕ್ಕ ಹೇಳಿಕೊಡೋವಾಗ ಪೊರಕೆ ಕಡ್ಡಿ ಕಟ್ಟಿ ತೋರಿಸಿದ್ದೆ. ನಾಲ್ಕು ಕಡ್ಡಿ ಚೌಕ ಒತ್ತಿದ್ರೆ ವಾಲ್ತೈತೆ, ಮೂರು ಕಡ್ಡಿ ತ್ರಿಕೋನ ಅಲ್ಲಾಡಲ್ಲ. ತಿಪ್ಪೇರುದ್ರ ಬಾಯಿ ಬಿಟ್ಟ. "ಆ ಕಡೆ ಮೂರು ಗಳ, ಈ ಕಡೆ ಮೂರು ಗಳ, ತಲೆ ಕಟ್ಟಿ ಕಾಲು ಅಗಲಿಸಿದ್ರೆ ನಿಲ್ತೈತೆ. ಮೇಲೆ ಅಡ್ಡಗಳ." ವಿನೋದ್ ಎದ್ದ. "ಕಾಲು ಜಾರ್ತೈತೆ. ಗಳದ ಬುಡ ಒಂದಕ್ಕೊಂದು ಕಟ್ಟಬೇಕು, ಮರಳಿನ ಚೀಲ ಇಡಬೇಕು." ಆಮೇಲೆ ಯಾರದು ಯಾವ ಕೆಲಸ ಅಂತ ಯಾರಿಗೂ ನೆನಪಿಲ್ಲ. ಪೂಜಾ ಅಳತೆ ಹಿಡಿದಳು, ನಾನು ಚೀಲ ಹೊತ್ತೆ, ನಿಂಗರಾಜ್ ಸರ್ ಏಣಿ ಹತ್ತಿ ಹಾಡು ಹೇಳ್ತಿದ್ರು, ತಪ್ಪು ತಪ್ಪಾಗಿ.

ಗಂಟು ಬಿಗಿಯೋ ಹೊತ್ತಿಗೆ ಅಪ್ಪ ಬಂದ. ಕೈಯಾಗೆ ಖಾಲಿ ಚೀಲ. ಜೋಕಾಲಿ ಸುತ್ತ ಒಂದು ಸುತ್ತು ಬಂದು, "ಗುಂಡಿನೇ ಇಲ್ಲ. ಇದು ನಿಲ್ಲಲ್ಲ" ಅಂದ.

"ನಿಲ್ತೈತೆ ರೀ" ಅಂದ್ರು ನಿಂಗರಾಜ್ ಸರ್.

"ನಿಲ್ಲದಿದ್ರೆ?"

ವಿನೋದ್ ನನ್ನ ಕಿವಿಯಾಗೆ "ನೀನು ಯಾರ ಮಗಳು ಅಂತ ಈಗ ಗೊತ್ತಾಯ್ತು" ಅಂದ.

ನಾನು ಮೊದಲು ಕೂರಾಕೆ ಹೋದೆ. ಅಪ್ಪ ಹಗ್ಗ ಹಿಡಕೊಂಡ. "ನಾನು ಕೂತು ನೋಡದೆ ಯಾವ ಮಗುನೂ ಇದರ ಮೇಲೆ ಕೂರಂಗಿಲ್ಲ." ಸರ್ "ಕೂರ್ರಿ ಮತ್ತೆ" ಅಂದ್ರು. ಚಪ್ಪಲಿ ಬಿಟ್ಟು, ಚೀಲ ತೊಡೆ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತ ಅವ್ವ! ನಾವು ತಳ್ಳಿದ್ವಿ. ಹುಡುಗೀರೆಲ್ಲ ಹೋ ಅಂದ್ರು. ಒಂದು ಸಲ ಹೋಗಿ ಬಂದ ಮೇಲೆ ಒಂದು ಕಣ್ಣು ತೆಗೆದ. ಅರುಣಾ ಮೇಡಂ ಗಡಿಯಾರ ಹಿಡಕೊಂಡು ನಿಂತಿದ್ರು. ಆಮೇಲೆ ನನ್ನ ಕೂರಿಸಿದ್ರು. ಹೆಚ್ಚೂ ಕಮ್ಮಿ ಅಷ್ಟೇ ಹೊತ್ತು. ಅಪ್ಪ ಒಪ್ಪಲಿಲ್ಲ. "ನಾನು ಇವಳ ಎರಡರಷ್ಟು ಇದೀನಿ, ನಿಮ್ಮ ಗಡಿಯಾರ ಸರಿ ಇಲ್ಲ ಮೇಡಂ" ಅಂದ. ವಿನೋದ್ ಓಡಿ ಹೋಗಿ ಅಪ್ಪನ ಪಕ್ಕ ನಿಂತ. "ನಾನೂ ಅದನ್ನೇ ಹೇಳ್ತಿರೋದು ಅಂಕಲ್!" ಮೇಡಂ ಗಡಿಯಾರನ ಅಪ್ಪನ ಕೈಗೇ ಕೊಟ್ರು. ಅಪ್ಪ ಮತ್ತೆ ಹತ್ತಿದ. ವಿನೋದ್‌ನ ಕೂರಿಸಿ ನೋಡಿದ. ಅಜ್ಜಮ್ಮನ್ನ ಕೂರಿಸಿ ನೋಡಿದ. ಮತ್ತೆ ತಾನೇ ಹತ್ತಿದ. ಕೊನೆಗೆ ಸಣ್ಣ ಹುಡುಗೀರು "ಅಂಕಲ್, ಇಳೀರಿ, ನಮ್ಮ ಪಾಳಿ" ಅಂತ ಹಗ್ಗ ಜಗ್ಗಿದ್ರು. ನಾಲ್ಕು ತಾಲೂಕಿನ ಹಾಡು ಪೂಜಾ ಎತ್ತಿದಳು. ನಮ್ಮಜ್ಜಿ ಸಾಲು ಬಂದಾಗ ಅಪ್ಪ ಮಣ್ಣ ಮೇಲೆ ಕೂತು, ಬಾಯಾಗೇ ಹೇಳಿಕೊಳ್ತಾ ಇದ್ದ.

ಬಸ್ಸಿಗೆ ಹೊತ್ತಾಯ್ತು ಅಂತ ಎದ್ದ. ನಾನು ರೂಮಿಗೆ ಹೋಗಿ ಪೆಟ್ಟಿಗೆ ತಂದು ಗೇಟಿನ ಹತ್ರ ನಿಂತೆ. ಪೂಜಾ ನನ್ನ ಕೈ ಬಿಡಲಿಲ್ಲ. ಅಪ್ಪ ಪೆಟ್ಟಿಗೆ ನೋಡಿ "ಇದ್ಯಾಕೆ ತಂದೆ?" ಅಂದ. ಖಾಲಿ ಚೀಲ ಹೆಗಲಿಗೆ ಹಾಕ್ಕೊಂಡು ಹೋಗಿಬಿಟ್ಟ.

ಅವ್ವ, ನಾನು ಪೆಟ್ಟಿಗೆಯಿಂದ ಬಟ್ಟೆ ತೆಗೀಲಾ ಬೇಡವಾ?

ಅಂಬಿಕಾ


ಸಂತೇಬೆನ್ನೂರು
೬ ಆಗಸ್ಟ್ ೨೦೨೫

ಅಂಬಿ,

ನಿಮ್ಮಪ್ಪ ಬಂದು ಹೇಳಿದ್ದು ಇಷ್ಟೇ, "ಬಸ್ಸಿನಾಗೆ ಇಬ್ಬರಿಗೆ ಜಾಗ ಇರಲಿಲ್ಲ." ಅವನೊಬ್ಬನಿಗೆ ಮಾತ್ರ ಇತ್ತಂತೆ ನೋಡು! ಹೆಚ್ಚು ಕೇಳಿದ್ರೆ ಬೆನ್ನು ನೋವು ಅಂತ ಮಲಗಿದ. ಯಾಕೆ ನೋವು ಅಂತ ನಿನ್ನ ಕಾಗದ ಬಂದ ಮೇಲೆ ಗೊತ್ತಾಯ್ತು. ಅತ್ತೆಗೆ ಓದಿ ಹೇಳಿದೆ, ಇಬ್ಬರೂ ಹೊಟ್ಟೆ ಹಿಡಕೊಂಡು ನಕ್ವಿ.

ಈಗ ಬಂಡಿ ಚಾವಣಿಗೆ ಹಗ್ಗ ಕಟ್ಟಿ ಈರುಳ್ಳಿ ತೂಗಿಸ್ತಾನೆ, ಆಮೇಲೆ ಕುಂಬಳಕಾಯಿ ತೂಗಿಸ್ತಾನೆ. ಬೀರಲಿಂಗಪ್ಪಂಗೆ ಮೊಬೈಲಿನಾಗೆ ಟೈಮು ನೋಡಾಕೆ ಹಚ್ಚಿದಾನೆ. ಮಿರ್ಚಿ ತಿನ್ನಾಕೆ ಬಂದೋರು ಸುತ್ತ ನಿಂತು ಪಂದ್ಯ ಕಟ್ತಾರೆ. ಮೊನ್ನೆ ಕುಂಬಳಕಾಯಿ ಹಗ್ಗ ಬಿಚ್ಚಿ ಮಂಡಕ್ಕಿ ಡಬ್ಬಕ್ಕೆ ಬಿತ್ತು.

ಬಟ್ಟೆ ವಿಷಯ ನಾನು ಹೇಳಲ್ಲ. ಅವನ ಬಾಯಿಂದಲೇ ಬರಬೇಕು. ಬರ್ತೈತೆ. ಕಾಗದ ಬರೆಯಾಕೆ ಕೂರ್ತಾನೆ, ಏಳ್ತಾನೆ.

ಇಂತಿ,
ಅವ್ವ ಮಾಲಾ


ಸಂತೇಬೆನ್ನೂರು
೭ ಸೆಪ್ಟೆಂಬರ್ ೨೦೨೫

ಮಗಳು ಅಂಬಿಕಾಗೆ ಮತ್ತು ಅವಳ ಗುಂಪಿನೋರಿಗೆ,

ಈ ಕಾಗದ ನಾಲ್ವರೂ ಕೂತು ಓದ್ರಿ. ಒಬ್ಬೊಬ್ಬರು ಒಂದೊಂದು ಪುಟ ಹಂಚಿಕೊಳ್ಳಬೇಡಿ.

ನಿಮ್ಮ ಗುಂಪಿಗೆ ಅಂಕ ಸ್ವಲ್ಪ ಕಡಿಮೆ ಬಂತು, ಪಂಚಮಿ ದಿನ ಅಗೆಯಾಕೆ ಇಟ್ಟುಕೊಂಡಿದ್ದಕ್ಕೆ ಕಳೆದ್ರು ಅಂತ ಅಂಬಿ ಬರೆದಾಳೆ. ನಾನು ಕೇಳಿದ ಕೂಡಲೇ ಸಿಟ್ಟಾಗಿ ನಿಂಗರಾಜ್ ಸರ್‌ಗೆ ಫೋನ್ ಮಾಡೋಣ ಅಂದ್ಕೊಂಡೆ. ಆಮೇಲೆ ಯೋಚನೆ ಮಾಡಿದೆ. ತಪ್ಪು ನಾಲ್ವರದೂ ಹೌದು. ಕಳೆದಿದ್ದು ಸರಿ. ಟೀಚರ್‌ಗಳೂ ತಮ್ಮದು ಒಂದಿಷ್ಟು ಕಳಕೊಂಡ್ರಾ ಇಲ್ವಾ, ಅದನ್ನ ವಿನೋದ್ ಕೇಳಲಿ. ಅವನೇ ಕೇಳಬಲ್ಲ.

ನನಗೆ ಒಂದು ಸಂಶಯ. ಬಂಡಿ ಹತ್ರ ಎಲ್ಲಾ ತೂಗಿಸಿ ನೋಡಿದೆ. ಈರುಳ್ಳಿ ಆದ್ರೂ ಅಷ್ಟೇ, ಕುಂಬಳಕಾಯಿ ಆದ್ರೂ ಅಷ್ಟೇ. ಒಪ್ಪಿದೆ. ಆದ್ರೆ ಹಗ್ಗ ಗಿಡ್ಡ ಮಾಡಿದ್ರೆ ಬೇಗ ಬರ್ತೈತೆ, ಉದ್ದ ಬಿಟ್ರೆ ನಿಧಾನ ಬರ್ತೈತೆ. ಭಾರ ಏನೂ ಮಾಡಲ್ಲ ಅಂದ ಮೇಲೆ ಉದ್ದ ಯಾಕೆ ಮಾಡ್ತೈತೆ? ಅರುಣಾ ಮೇಡಂನ ಕೇಳಿ ಬರೀರಿ. ಬರೀ ಉತ್ತರ ಬೇಡ, ಹೆಂಗೆ ಗೊತ್ತಾಯ್ತು ಅಂತ ಬರೀರಿ. ಇಲ್ಲಿ ಬೀರಲಿಂಗಪ್ಪ ದಿನಾ ತಲೆ ತಿಂತಾನೆ.

ಅಂಬಿ, ಇದು ನಿನಗೆ. ನಮ್ಮೂರಿನ ಹೈಸ್ಕೂಲಿಗೆ ಹೋಗಿ, ನಮ್ಮ ಹುಡುಗಿ ಬರಲ್ಲ ರೀ, ಆ ಜಾಗ ಬೇರೆಯೋರಿಗೆ ಕೊಡ್ರಿ ಅಂತ ಹೇಳಿ ಬಂದೆ. ಹೇಳೋವಾಗ ಅಲ್ಲಿ ಗಂಟೆ ಹೊಡೀತು. ಮಕ್ಕಳು ಪುಸ್ತಕ ತೆಗೆದ ಸಪ್ಪಳ ಕೇಳ್ತು. ಸ್ವಲ್ಪ ಹೊತ್ತು ನಿಂತು ಕೇಳಿ ಮನೆಗೆ ಬಂದೆ.

ದಸರಾ ರಜೆಗೆ ನಿನ್ನ ಕರೆಯಾಕೆ ಬರ್ತೀನಿ. ಪೂಜಾ, ವಿನೋದ್, ತಿಪ್ಪೇರುದ್ರನ ಮನೆಯೋರು ಒಪ್ಪಿದ್ರೆ ಅವರೂ ಬರಲಿ, ಮಿರ್ಚಿ ನನ್ನ ಕಡೆಯಿಂದ. ರಜೆ ಮುಗಿದ ಮೇಲೆ ವಾಪಸ್ ಬಿಡಾಕೂ ನಾನೇ ಬರ್ತೀನಿ. ಬಸ್ಸಿನಾಗೆ ಎಲ್ಲರಿಗೂ ಜಾಗ ಸಿಕ್ತೈತೋ ಇಲ್ಲವೋ ಅಂತ ಈಗಿಂದಲೇ ಯೋಚನೆ ಹತ್ತೈತೆ.

ನಾಲ್ಕು ತಾಲೂಕಿಗೂ ಅಪ್ಪನಂತಿರೋ,
ಪರಶುರಾಮ್